ಅನುದಾನದ ಅರ್ಜಿಗಿಂತ ಮುಂಚೆ ಬರೆಯಬೇಕಾದ ಕಾಗದ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮಂಡ್ಯದ ತೂಬಿನಕೆರೆ, ಮದ್ದೂರಿನ ಸೋಮನಹಳ್ಳಿ. ಈ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ಯಮಿಗಳಿಗೆ ಸಂಶೋಧನಾ ಅನುದಾನದ ಅರ್ಜಿ ತಯಾರಿಸಿಕೊಡುವುದು ನನ್ನ ಕೆಲಸ. ಬಂದವರು ಮೊದಲು ಕೇಳುವುದು, "ಸರ್, ಯಾವ ಸ್ಕೀಮಲ್ಲಿ ಎಷ್ಟು ಸಿಗುತ್ತೆ?" ಅಂತ. ನಾನು ತಿರುಗಿ ಕೇಳುವುದು, "ನಿಮ್ಮ ಜೊತೆ ಯಾರಿದ್ದಾರೆ, ಅವರ ಜೊತೆ ಏನು ಬರೆದುಕೊಂಡಿದ್ದೀರಿ?" ಅಂತ. ಬಹಳ ಜನ ಏನೂ ಬರೆದುಕೊಂಡಿರುವುದಿಲ್ಲ. ಸ್ನೇಹ ಇದೆ, ನಂಬಿಕೆ ಇದೆ, ಫೋನಿನಲ್ಲಿ ಮಾತಾಗಿದೆ. ಅಷ್ಟೇ.

ಜಂಟಿ ಸಂಶೋಧನೆಗೆ ನಮ್ಮ ಈ ಭಾಗದಲ್ಲಿ ಇರುವಷ್ಟು ಅನುಕೂಲ ಎಲ್ಲ ಕಡೆ ಸಿಗುವುದಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಸೈನಿಕರ ಆಹಾರದ ಮೇಲಿನ ಕೆಲಸಕ್ಕೆ ಡಿಎಫ್‌ಆರ್‌ಎಲ್ ಅಂತ ಹೆಸರಾಗಿದ್ದ ರಕ್ಷಣಾ ಪ್ರಯೋಗಾಲಯ ಇದೆ. ಮಂಡ್ಯದಲ್ಲಿ ಕಬ್ಬು, ರಾಗಿ, ಭತ್ತದ ತಳಿಗಳಿಗೆ ಹೆಸರಾದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಇದೆ. ಎರಡೂ ಊರಲ್ಲಿ ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ. ಬಸ್ಸಿನಲ್ಲಿ ಒಂದು ಗಂಟೆಯ ಅಂತರದಲ್ಲಿ ರೈತ, ಕಾರ್ಖಾನೆ, ಪ್ರಯೋಗಾಲಯ ಮೂರೂ ಸಿಗುತ್ತವೆ. ಆದರೂ ಒಳ್ಳೊಳ್ಳೆಯ ಯೋಜನೆಗಳು ಮಧ್ಯದಲ್ಲಿ ನಿಂತುಹೋಗುವುದನ್ನು ನೋಡಿದ್ದೇನೆ. ತಂತ್ರಜ್ಞಾನ ಕೈಕೊಟ್ಟು ನಿಂತದ್ದು ಕಮ್ಮಿ. ಜೊತೆಗಾರರ ನಡುವೆ ಮೊದಲೇ ಆಡಬೇಕಾದ ಮಾತು ಆಡದೆ ನಿಂತದ್ದೇ ಜಾಸ್ತಿ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಯಾರ ಗುರುತೂ ಸಿಗದ ಹಾಗೆ ಎರಡು ಮೂರು ಪ್ರಕರಣ ಸೇರಿಸಿದ್ದೇನೆ. ಹಣದ ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ಹಾಕಿದವು.

ಮಂಡ್ಯ ಕಡೆ ಪುಡಿ ಬೆಲ್ಲ ಮಾಡುವ ಒಂದು ಘಟಕ. ಆಲೆಮನೆಯಲ್ಲಿ ಪಾಕ ನೋಡುವವರು ಕುದಿಯುವ ಕೊಪ್ಪರಿಗೆಯಿಂದ ಒಂದು ತೊಟ್ಟು ಪಾಕ ತೆಗೆದು ತಣ್ಣೀರಿಗೆ ಬಿಡುತ್ತಾರೆ. ಬೆರಳಲ್ಲಿ ಉರುಟಿ ನೋಡಿ "ಇಳಿಸಿ" ಅನ್ನುತ್ತಾರೆ. ಅಚ್ಚು ಬೆಲ್ಲಕ್ಕೆ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರಬೇಕು. ಪುಡಿಗೆ ಇನ್ನೊಂದು ಸ್ವಲ್ಪ ಮೇಲೆ. ದ್ರವವಾಗಿರುವ ಜೋನಿ ಬೆಲ್ಲಕ್ಕೆ 105-106ರಲ್ಲೇ ಇಳಿಸಬೇಕು. ಹದ ತಪ್ಪಿದರೆ ಪುಡಿ ಉಂಡೆಗಟ್ಟುತ್ತದೆ, ಇಲ್ಲವೇ ತಳ ಹಿಡಿದು ಬಣ್ಣ ಕಪ್ಪಾಗುತ್ತದೆ. ಬಣ್ಣ ತಿಳಿ ಮಾಡಲು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವವರಿದ್ದಾರೆ. ಈ ಘಟಕದ ಯಜಮಾನರಿಗೆ ಅದು ಬೇಡ. ಹಬೆಯಲ್ಲಿ ಕುದಿಸುವ ಸ್ಟೀಲ್ ಪಾತ್ರೆ ಬೇಕು, ಹದ ಬಂದ ತಕ್ಷಣ ತಾನೇ ನಿಲ್ಲುವ ವ್ಯವಸ್ಥೆ ಬೇಕು. ಪಾತ್ರೆ ಮಾಡಲು ಹೆಬ್ಬಾಳದ ಒಬ್ಬ ಫ್ಯಾಬ್ರಿಕೇಟರ್ ಒಪ್ಪಿದರು. ಸೆನ್ಸರ್ ಮತ್ತು ಸಾಫ್ಟ್‌ವೇರ್‌ಗೆ ಕಾಲೇಜಿನ ಮೇಷ್ಟ್ರೊಬ್ಬರು ಸಿಕ್ಕರು. ಮೂವರೂ ಪ್ರಾಮಾಣಿಕರು, ಮೂವರಿಗೂ ಕೆಲಸದ ಮೇಲೆ ಆಸೆ.

ಈಗ ಪ್ರಶ್ನೆ: ಈ ಯಂತ್ರ ಯಾರದ್ದು?

"ಮೂವರದ್ದೂ" ಅಂತ ಉತ್ತರ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಪೇಟೆಂಟ್ ಕಾಯ್ದೆ, 1970ರ 50ನೇ ಕಲಂ ಓದಬೇಕು. ಪೇಟೆಂಟ್, ಅಂದರೆ ಹೊಸ ಆವಿಷ್ಕಾರದ ಮೇಲಿನ ಹಕ್ಕು, ಇಬ್ಬರು ಮೂವರ ಹೆಸರಲ್ಲಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಎಲ್ಲರದ್ದೂ ಸಮಪಾಲು. ಪ್ರತಿಯೊಬ್ಬರೂ ಆ ವಸ್ತುವನ್ನು ತಾವೇ ಮಾಡಿ, ಬಳಸಿ, ಮಾರಿ ಲಾಭ ಪಡೆಯಬಹುದು. ಉಳಿದವರಿಗೆ ಲೆಕ್ಕ ಕೊಡಬೇಕಿಲ್ಲ. ಆದರೆ ಬೇರೆಯವರಿಗೆ ಲೈಸೆನ್ಸ್ ಕೊಡಲು, ತನ್ನ ಪಾಲು ಮಾರಲು ಉಳಿದವರ ಒಪ್ಪಿಗೆ ಬೇಕೇ ಬೇಕು.

ಇದನ್ನು ನಮ್ಮ ಮೂವರ ಮೇಲೆ ಇಟ್ಟು ನೋಡಿ. ಫ್ಯಾಬ್ರಿಕೇಟರ್ ಇದೇ ಯಂತ್ರವನ್ನು ನಾಳೆ ಪಕ್ಕದ ತಾಲ್ಲೂಕಿನ ಇನ್ನೊಬ್ಬ ಬೆಲ್ಲದ ವ್ಯಾಪಾರಿಗೆ ಮಾರಬಹುದು. ಕಾನೂನಿನ ಪ್ರಕಾರ ಅದು ತಪ್ಪಲ್ಲ, ಕೊಂಡವರಿಗೂ ತೊಂದರೆ ಇಲ್ಲ. ವರ್ಷಗಟ್ಟಲೆ ತನ್ನ ಆಲೆಮನೆಯಲ್ಲಿ ಪ್ರಯೋಗಕ್ಕೆ ಜಾಗ ಕೊಟ್ಟು, ಹಾಳಾದ ಪಾಕದ ನಷ್ಟ ಹೊತ್ತ ಯಜಮಾನರು ನೋಡುತ್ತಾ ಇರಬೇಕು. ಕಾಲೇಜಿನ ಕಥೆ ಇನ್ನೊಂದು ಥರ. ಅದು ಕಾರ್ಖಾನೆ ಹಾಕುವುದಿಲ್ಲ, ಲೈಸೆನ್ಸ್‌ನಿಂದಲೇ ಅದಕ್ಕೆ ಏನಾದರೂ ಬರಬೇಕು. ಉಳಿದಿಬ್ಬರು ಒಪ್ಪದಿದ್ದರೆ ಆ ದಾರಿಯೂ ಮುಚ್ಚುತ್ತದೆ. ಅಂದರೆ ಸುಮ್ನೆ "ಮೂವರದ್ದೂ" ಅಂದರೆ ಇಬ್ಬರಿಗೆ ಅನ್ಯಾಯ ಆಗುತ್ತದೆ, ಅದೂ ಯಾರೂ ಕೆಟ್ಟವರಾಗದೆ.

ಪರಿಹಾರ ಕಷ್ಟವಿಲ್ಲ. ಯಂತ್ರ ಮಾಡುವ ಹಕ್ಕು ಫ್ಯಾಬ್ರಿಕೇಟರ್‌ಗೆ. ಬೆಲ್ಲದ ಕೆಲಸಕ್ಕೆ ಮೊದಲ ಕೆಲವು ವರ್ಷ ಯಜಮಾನರು ಒಪ್ಪಿದವರಿಗೆ ಮಾತ್ರ ಮಾರಾಟ. ಮಾರಿದ ಪ್ರತಿ ಯಂತ್ರದ ಮೇಲೆ ಕಾಲೇಜಿಗೆ ಇಷ್ಟು ರಾಯಧನ. ಹಾಲಿನ ಖೋವಾಗೋ, ಹಣ್ಣಿನ ಜಾಮಿಗೋ ಇದೇ ಯಂತ್ರ ಬಳಸಿದರೆ ಬೇರೆ ಲೆಕ್ಕ. ಮೊದಲಿನಿಂದ ಯಾರ ಹತ್ತಿರ ಏನಿತ್ತೋ ಅದು ಅವರದ್ದೇ ಅಂತಲೂ ಬರೆಯಿರಿ. ಇಲ್ಲಿ ನಾನು ಒಂದು ವಿಷಯಕ್ಕೆ ಹಟ ಹಿಡಿಯುತ್ತೇನೆ. ಸೆನ್ಸರ್‌ಗೆ ಹದ ಕಲಿಸುವುದು ಆ ಪಾಕ ನೋಡುವವರ ಬೆರಳು. ಅವರ ಹೆಸರು ಯೋಜನೆಯ ತಂಡದಲ್ಲಿ ಇರಬೇಕು, ಅವರ ಸಮಯಕ್ಕೆ ಬಜೆಟ್‌ನಲ್ಲಿ ಹಣ ಇರಬೇಕು. ಇದನ್ನು ಕೇಳಿ ನಕ್ಕವರಿದ್ದಾರೆ, ಆದರೆ ನನಗೆ ಇದು ದೊಡ್ಡ ವಿಷಯ.

ಮೇಷ್ಟ್ರ ಕಡೆಯಿಂದ ಬರುವ ತೊಡಕು ಪ್ರಬಂಧದ್ದು. ಎಂಟೆಕ್ ವಿದ್ಯಾರ್ಥಿ ಸಮ್ಮೇಳನದಲ್ಲಿ ಪೇಪರ್ ಓದಿಬಿಡುತ್ತಾನೆ, ಆಮೇಲೆ ಪೇಟೆಂಟ್ ಹಾಕೋಣ ಅನ್ನುತ್ತಾರೆ. ಪೇಟೆಂಟ್ ಸಿಗುವುದು ಹೊಸದಕ್ಕೆ ಮಾತ್ರ, ಹೊರಗೆ ಬಂದದ್ದು ಹೊಸದಾಗಿ ಉಳಿಯುವುದಿಲ್ಲ. ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಬಹಳ ಸಣ್ಣದು, ಅದನ್ನು ನಂಬಿ ಕೂರಬೇಡಿ. ಮೊದಲು ಪೇಟೆಂಟ್‌ಗೆ ತಾತ್ಕಾಲಿಕ ಅರ್ಜಿ ಹಾಕಿ. ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಸ್ಟಾರ್ಟಪ್, ಸಣ್ಣ ಉದ್ಯಮ, ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಅರ್ಜಿ ಹಾಕಿದ ಮರುದಿನ ಪೇಪರ್ ಓದಲಿ, ವಿದ್ಯಾರ್ಥಿಯ ಪದವಿಗೂ ತೊಂದರೆ ಇಲ್ಲ.

ಸ್ಕೀಮುಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಎಲ್ಲವೂ ಪುಕ್ಕಟೆ ಹಣವಲ್ಲ. ಕೇಂದ್ರದ ಎಂಎಸ್‌ಎಂಇ ಇನ್ನೊವೇಟಿವ್ ಯೋಜನೆಯ ವಿನ್ಯಾಸ ಭಾಗದಲ್ಲಿ 40 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಸೂಕ್ಷ್ಮ ಉದ್ಯಮಕ್ಕೆ ವೆಚ್ಚದ ಶೇ. 75, ಸಣ್ಣ ಮತ್ತು ಮಧ್ಯಮ ಉದ್ಯಮಕ್ಕೆ ಶೇ. 60. ನಮ್ಮ ಬೆಲ್ಲದ ಯಂತ್ರದಂಥದ್ದಕ್ಕೆ ಮೊದಲು ನೋಡಬೇಕಾದ್ದು ಇದನ್ನೇ. ಜೈವಿಕ ತಂತ್ರಜ್ಞಾನಕ್ಕೆ ಕೇಂದ್ರದ ಸಂಸ್ಥೆ ಬೈರಾಕ್ ಇದೆ. ಅದರ ಬಿಗ್ ಅನುದಾನ 18 ತಿಂಗಳಿಗೆ 50 ಲಕ್ಷದವರೆಗೆ. ಕಾಲೇಜಿನ ಸಂಶೋಧನೆಯನ್ನು ಕಂಪನಿಯ ಕಡೆಯಿಂದ ಪರೀಕ್ಷಿಸಲು ಅವರದ್ದೇ ಕಾಂಟ್ರಾಕ್ಟ್ ರಿಸರ್ಚ್ ಯೋಜನೆ ಬೇರೆ ಇದೆ. ಅಲ್ಲಿ ಹಕ್ಕು ಶಿಕ್ಷಣ ಸಂಸ್ಥೆಯದ್ದು, ಬಳಸಿಕೊಳ್ಳುವ ಮೊದಲ ಅವಕಾಶ ಕಂಪನಿಯದ್ದು. ಅರ್ಜಿ ಹಾಕುವ ಮುಂಚೆ ಕಂಪನಿಗೆ ಇದು ಗೊತ್ತಿರಬೇಕು. ರಾಜ್ಯದ ಎಲಿವೇಟ್‌ನಲ್ಲಿ ಸ್ಟಾರ್ಟಪ್‌ಗಳಿಗೆ 50 ಲಕ್ಷದವರೆಗೆ. ಇನ್ನು 1996ರಿಂದ ಇರುವ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಮುಖ್ಯವಾಗಿ ಸಾಲ ಕೊಡುತ್ತದೆ, ವೆಚ್ಚದ ಅರ್ಧದವರೆಗೆ, ಶೇ. 5ರ ಸರಳ ಬಡ್ಡಿಗೆ. 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿಯ ಸಂಶೋಧನಾ ನಿಧಿ ಕೂಡ ಅನುದಾನ ಅಲ್ಲ. ಅದು ದೀರ್ಘಾವಧಿ ಸಾಲ, ಷೇರು ಬಂಡವಾಳದ ರೂಪದ್ದು. ಪತ್ರಿಕೆಯ ತಲೆಬರಹ ನೋಡಿ ಓಡಿ ಬಂದವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಹಣದ ಸಮಯ ಇನ್ನೊಂದು ದೊಡ್ಡ ವಿಷಯ. ನಮ್ಮ ಯೋಜನೆ 60 ಲಕ್ಷದ್ದು, ಅರ್ಧ ಅನುದಾನ ಅಂತ ಇಟ್ಟುಕೊಳ್ಳಿ. 30 ಲಕ್ಷ ಒಟ್ಟಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಒಂದು ಹಂತ ಮುಗಿಸಿ, ವರದಿ ಕೊಟ್ಟು, ಸಮಿತಿ ನೋಡಿ ಒಪ್ಪಿದ ಮೇಲೆ ಮುಂದಿನ ಕಂತು. ಮೊದಲ ಕಂತು ಶೇ. 30 ಅಂದರೆ 9 ಲಕ್ಷ. ಬಾಯ್ಲರ್, ಸೆನ್ಸರ್, ಕಂಟ್ರೋಲ್ ಪ್ಯಾನೆಲ್ ಹೊರಗಿನಿಂದ ತರಿಸಬೇಕು, ಬೆಲೆ 22 ಲಕ್ಷ. ಶೇ. 18 ಜಿಎಸ್‌ಟಿ ಸೇರಿ 25.96 ಲಕ್ಷ. ಮಾರುವವರು ಶೇ. 40 ಮುಂಗಡ ಕೇಳಿದರೆ 10.38 ಲಕ್ಷ. ಅಲ್ಲಿಗೆ ಮೊದಲ ಕಂತು ಮುಗಿದು, ಕೈಯಿಂದ ಹಾಕುವುದು ಶುರುವಾಯಿತು. ಇನ್ನೂ ಒಂದು ಬೋಲ್ಟ್ ಬಂದಿಲ್ಲ.

"ಜಿಎಸ್‌ಟಿ ವಾಪಸ್ ಬರುತ್ತಲ್ವಾ?" ಅನ್ನುತ್ತಾರೆ. ಕ್ರೆಡಿಟ್ ಸಿಗುತ್ತದೆ, ನಗದು ಸಿಗುವುದಿಲ್ಲ. ಮುಂದಿನ ಮಾರಾಟದ ತೆರಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳಬೇಕು. ಪ್ಯಾಕೆಟ್ ಬೆಲ್ಲದ ಮೇಲಿನ ತೆರಿಗೆ ಕಮ್ಮಿ, ಹಾಗಾಗಿ ಯಂತ್ರದ ಮೇಲೆ ಕಟ್ಟಿದ್ದು ತೀರಲು ಬಹಳ ಕಾಲ ಬೇಕು. ಪ್ಯಾಕ್ ಮಾಡದೆ ಬಿಡಿಯಾಗಿ ಮಾರುವ ಬೆಲ್ಲಕ್ಕೆ ತೆರಿಗೆಯೇ ಇಲ್ಲ, ಆದ್ದರಿಂದ ಆ ಪಾಲಿಗೆ ಕ್ರೆಡಿಟ್ಟೂ ಇಲ್ಲ. ಅನುದಾನ ಆದಾಯ ತೆರಿಗೆ ಲೆಕ್ಕಕ್ಕೂ ಬರುತ್ತದೆ. ಯಂತ್ರಕ್ಕೆ ಬಂದದ್ದನ್ನು ಯಂತ್ರದ ಬೆಲೆಯಲ್ಲಿ ಕಳೆದು ಉಳಿದದ್ದಕ್ಕೆ ಮಾತ್ರ ಸವಕಳಿ ತೋರಿಸಬೇಕು. ನಿಮ್ಮ ಆಡಿಟರ್ ಹತ್ತಿರ ಇದನ್ನು ಮಂಜೂರಾತಿಗೆ ಮುಂಚೆಯೇ ಮಾತಾಡಿ.

ನಿಮ್ಮ ಪಾಲಿನ 30 ಲಕ್ಷದಲ್ಲಿ "ನನ್ನ ಶೆಡ್ ಇದೆ, ಜಮೀನಿದೆ" ಅಂತ ತೋರಿಸಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಂಜೂರಾತಿಗೆ ಮುಂಚೆ ಮಾಡಿದ ಖರ್ಚನ್ನೂ ಸೇರಿಸುವುದಿಲ್ಲ. ನಮ್ಮ ಫ್ಯಾಬ್ರಿಕೇಟರ್ ಜೊತೆಗಾರರೂ ಆಗಿ, ಯೋಜನೆಗೇ ಲಾಭ ಇಟ್ಟು ಬಿಲ್ ಹಾಕಿದರೆ ಸಮಿತಿ ಕೇಳಿಯೇ ಕೇಳುತ್ತದೆ. ಜೊತೆಗಾರರೋ, ಮಾರಾಟಗಾರರೋ, ಒಂದನ್ನು ಆರಿಸಿಕೊಳ್ಳಬೇಕು. ಜೊತೆಗಾರರಾದರೆ ಅಸಲು ಖರ್ಚಿಗಷ್ಟೇ ಲೆಕ್ಕ, ಲಾಭ ಆಮೇಲೆ ಯಂತ್ರ ಮಾರುವಾಗ. ಈ ಮಾತನ್ನು ಅವರಿಗೆ ಅರ್ಜಿಗೆ ಮುಂಚೆ ಹೇಳಿದರೆ ಬೇಸರ ಆಗುವುದಿಲ್ಲ. ಮಂಜೂರಾದ ಮೇಲೆ ಹೇಳಿದರೆ ಮೋಸ ಆಯಿತು ಅನಿಸುತ್ತದೆ.

ಕೇಂದ್ರದ ಹಣ ಬಂದರೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯ. ಲೆಕ್ಕ ಬೇರೆಯಾಗಿ ಇಡಬೇಕು. ಮುಂಗಡದ ಮೇಲೆ ಬಡ್ಡಿ ಬಂದರೆ ಅದನ್ನು ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಬಳಕೆ ಪ್ರಮಾಣಪತ್ರ, ಅಂದರೆ ಯುಸಿ, ಸಮಯಕ್ಕೆ ಕೊಡಬೇಕು. ಅನುದಾನದಲ್ಲಿ ಕೊಂಡ ಆಸ್ತಿಯನ್ನು ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ. ಜಂಟಿ ಯೋಜನೆಯಲ್ಲಿ ಒಬ್ಬರ ಯುಸಿ ತಡವಾದರೆ ಎಲ್ಲರ ಮುಂದಿನ ಕಂತೂ ನಿಲ್ಲುತ್ತದೆ. ಸಂಬಳ ಕೊಡಬೇಕಾದ ತಿಂಗಳಲ್ಲಿ ಇದು ನಿಂತರೆ ಸ್ನೇಹ ಉಳಿಯುವುದು ಕಷ್ಟ. ಆದ್ದರಿಂದ ಯಾರು ಯಾವ ದಿನಾಂಕದೊಳಗೆ ಲೆಕ್ಕ ಕೊಡಬೇಕು, ಕೊಡದಿದ್ದರೆ ಏನು, ಮೇಷ್ಟ್ರು ನಿವೃತ್ತರಾದರೆ ಅವರ ಜಾಗಕ್ಕೆ ಯಾರು, ಕೊನೆಯಲ್ಲಿ ಯಂತ್ರ ಯಾರ ಶೆಡ್ಡಿನಲ್ಲಿ ಇರುತ್ತದೆ, ಇವೂ ಆ ಕಾಗದದಲ್ಲಿ ಇರಲಿ.

ಇಷ್ಟಕ್ಕೆ ನಾಲ್ಕೈದು ಪುಟ ಸಾಕು. ಮೂವರೂ ಕೂತು ಕನ್ನಡದಲ್ಲೇ ಬರೆಯಿರಿ, ಆಮೇಲೆ ವಕೀಲರ ಕೈಗೆ ಕೊಡಿ. ಕಾಲೇಜಿನಲ್ಲಿ ಸಹಿ ಹಾಕುವ ಅಧಿಕಾರ ಮೇಷ್ಟ್ರಿಗೆ ಇರುವುದಿಲ್ಲ. ಕಡತ ಪ್ರಾಂಶುಪಾಲರಿಗೋ ಕುಲಸಚಿವರಿಗೋ ಹೋಗಿ ಆಡಳಿತ ಮಂಡಳಿ ಮುಟ್ಟಿ ಬರಬೇಕು. ಅರ್ಜಿ ಆಹ್ವಾನದ ಕಿಟಕಿ ತೆರೆದ ಮೇಲೆ ಇದನ್ನು ಶುರು ಮಾಡಿದರೆ ಸಹಿ ಬರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ. ಯಾವ ಸ್ಕೀಮೂ ತೆರೆದಿಲ್ಲದ ತಿಂಗಳಲ್ಲೇ ಆ ಕಡತ ಓಡಾಡಲಿ.