ಪದ ಪರಿಚಯ: ‘ಕ್ಯಾರೆಕ್ಟರ್ ಕನ್ಸರ್ನ್’

ಅಮೆರಿಕದ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸುತ್ತುಸುತ್ತಾಗಿ, ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ, ಹತ್ತಿರವಾದಂತೆಲ್ಲ ಯಾರಾದರೊಬ್ಬ ಕಾಲೇಜು ಆಟಗಾರನ ಹೆಸರಿನ ಪಕ್ಕಕ್ಕೆ ‘ಕ್ಯಾರೆಕ್ಟರ್ ಕನ್ಸರ್ನ್’ ಎಂಬ ಮಾತು ಬಂದು ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಆ ಸುದ್ದಿಯನ್ನು ಬರೆಯುವವರು ಒಮ್ಮೆ ‘ಚಾರಿತ್ರ್ಯಹೀನ’ ಎನ್ನುತ್ತಾರೆ, ಇನ್ನೊಮ್ಮೆ ‘ಕ್ರಿಮಿನಲ್ ಹಿನ್ನೆಲೆಯ ಆಟಗಾರ’ ಎನ್ನುತ್ತಾರೆ, ‘ಶೀಲದ ಬಗ್ಗೆ ಶಂಕೆ’ ಎಂದು ಬರೆದದ್ದೂ ಕಣ್ಣಿಗೆ ಬಿದ್ದಿದೆ. ಮೂರೂ ತಪ್ಪು, ಮೂರೂ ಬೇರೆಬೇರೆ ಕಾರಣಕ್ಕೆ ತಪ್ಪು. ಆಯ್ಕೆಯ ಸರದಿ ಹಿಂದೆ ಬಿದ್ದಷ್ಟೂ ಆಟಗಾರನ ಸಂಬಳ ಕಡಿಮೆಯಾಗುತ್ತದೆ ಎಂಬುದಷ್ಟನ್ನು ಹೇಳಿ ನೇರವಾಗಿ ಪದಕ್ಕೆ ಬರುತ್ತೇನೆ.

ಡ್ರಾಫ್ಟ್‌ನ ಪರಿಭಾಷೆಯಲ್ಲಿ ‘ಕ್ಯಾರೆಕ್ಟರ್ ಕನ್ಸರ್ನ್’ ಎಂದರೆ, ಒಬ್ಬ ಆಟಗಾರನ ಮೇಲೆ ತಂಡ ವ್ಯಯಿಸುವ ಆಯ್ಕೆಯ ಸರದಿ ಮತ್ತು ಹಣ ಮೈದಾನದ ಹೊರಗಿನ ಯಾವುದೋ ಕಾರಣದಿಂದ ವ್ಯರ್ಥವಾದೀತೆಂಬ ಅಳುಕು. ಅಳುಕು ತಂಡದ್ದು, ನಷ್ಟದ ಲೆಕ್ಕವೂ ತಂಡದ್ದೇ. ಆಟಗಾರ ಅಪರಾಧ ಮಾಡಿದ್ದಾನೆಯೇ ಎಂಬ ಪ್ರಶ್ನೆಗೆ ಈ ಪದದಲ್ಲಿ ಉತ್ತರವಿಲ್ಲ, ಅವನು ಒಳ್ಳೆಯ ಮನುಷ್ಯನೇ ಎಂಬ ಪ್ರಶ್ನೆಗಂತೂ ಇಲ್ಲವೇ ಇಲ್ಲ.

ಗೊಂದಲದ ಬೇರು ‘ಕ್ಯಾರೆಕ್ಟರ್’ ಎಂಬ ಮೊದಲ ಪದದಲ್ಲಿದೆ. ಗ್ರೀಕ್ ಭಾಷೆಯಲ್ಲಿ ಗೀರುವುದು, ಕೆತ್ತುವುದು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ‘ಖರಕ್ತೇರ್’ ಮೊದಲು ಕೆತ್ತುವ ಉಪಕರಣವನ್ನು, ಬಳಿಕ ನಾಣ್ಯದ ಮೇಲೆ ಒತ್ತಿದ ಮುದ್ರೆಯನ್ನು ಸೂಚಿಸುತ್ತಿತ್ತು. ಲ್ಯಾಟಿನ್ ಮತ್ತು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ಅದು ಅಕ್ಷರವೂ ಆಯಿತು, ನಾಟಕದ ಪಾತ್ರವೂ ಆಯಿತು, ಮನುಷ್ಯನನ್ನು ಇತರರಿಂದ ಬೇರೆಯಾಗಿ ಗುರುತಿಸುವ ಗುಣವೂ ಆಯಿತು. ಈ ಎಲ್ಲ ಅರ್ಥಗಳ ಅಡಿಯಲ್ಲೂ ಅಚ್ಚಿನ ಕಲ್ಪನೆ ಇದೆ: ಒಮ್ಮೆ ಒತ್ತಿದ್ದು ಹಾಗೆಯೇ ಉಳಿಯುತ್ತದೆ, ನೋಡಿದವರಿಗೆ ನಾಣ್ಯ ಯಾವುದೆಂದು ತಿಳಿಯುತ್ತದೆ. ಕನ್ನಡದಲ್ಲಿ ನಾವು ಇದಕ್ಕೆ ಎದುರಾಗಿ ಇಟ್ಟುಕೊಂಡಿರುವ ಪದಗಳ ಹುಟ್ಟು ಪೂರ್ತಿ ಬೇರೆ. ‘ನಡತೆ’ ಬಂದದ್ದು ನಡೆ ಎಂಬ ಧಾತುವಿನಿಂದ. ‘ಚಾರಿತ್ರ್ಯ’, ‘ಚರಿತ’, ‘ಚರಿತ್ರೆ’ ಮೂರೂ ಬಂದದ್ದು ಚಲಿಸುವ ಅರ್ಥದ ಸಂಸ್ಕೃತದ ‘ಚರ್’ ಧಾತುವಿನಿಂದ. ನಡತೆ ಎಂದರೆ ಒಬ್ಬನು ನಡೆದ ರೀತಿ, ಆದ್ದರಿಂದ ನಾಳೆ ಬೇರೆ ರೀತಿಯಲ್ಲಿ ನಡೆಯಲು ಅವಕಾಶವಿರುವ ಸಂಗತಿ. ಶಾಲೆಯ ವರ್ಗಾವಣೆ ಪತ್ರದಲ್ಲಿ ‘ನಡತೆ: ಉತ್ತಮ’ ಎಂದು ಬರೆಯುವ ಮುಖ್ಯೋಪಾಧ್ಯಾಯರು ತಮ್ಮ ಶಾಲೆಯಲ್ಲಿದ್ದ ಅವಧಿಗೆ ಮಾತ್ರ ಮಾತು ಕೊಡುತ್ತಾರೆ, ವಿದ್ಯಾರ್ಥಿಯ ಇಡೀ ಬದುಕಿಗಲ್ಲ.

‘ಶೀಲ’ದ ಕಥೆ ಇನ್ನೂ ತೊಡಕಿನದು. ಮೂಲದಲ್ಲಿ ಅದು ಸ್ವಭಾವ, ರೂಢಿಯಿಂದ ಗಟ್ಟಿಯಾದ ಸದಾಚಾರ. ಬೌದ್ಧರ ಪಂಚಶೀಲದಲ್ಲಿ ಕೊಲ್ಲದಿರುವುದು, ಕದಿಯದಿರುವುದು, ಸುಳ್ಳಾಡದಿರುವುದು, ಅಮಲಿನ ಪದಾರ್ಥವನ್ನು ಸೇವಿಸದಿರುವುದು ಎಲ್ಲವೂ ಸೇರಿದ್ದವು. ಇಂದಿನ ಪತ್ರಿಕಾ ಕನ್ನಡದಲ್ಲಿ ಅದು ‘ಪತ್ನಿಯ ಶೀಲ ಶಂಕಿಸಿ ಕೊಲೆ’ ಎಂಬ ಶೀರ್ಷಿಕೆಯೊಳಗೆ ಕುಗ್ಗಿ, ಕೇವಲ ಲೈಂಗಿಕ ನಿಷ್ಠೆಯ ಹೆಸರಾಗಿ ಉಳಿದಿದೆ. ಇಂಗ್ಲಿಷಿನ ‘ಕ್ಯಾರೆಕ್ಟರ್’ ಕೂಡ ಆಡುಗನ್ನಡಕ್ಕೆ ಬಂದು ಇದೇ ಗತಿಗೆ ಇಳಿದಿದೆ: ‘ಅವಳ ಕ್ಯಾರೆಕ್ಟರ್ ಸರಿಯಿಲ್ಲ’ ಎಂಬ ಮಾತನ್ನು ಯಾರೂ ಆಕೆ ಸಾಲ ತೀರಿಸುವುದಿಲ್ಲ ಎಂಬ ಅರ್ಥದಲ್ಲಿ ಆಡುವುದಿಲ್ಲ. ಹೀಗಿರುವಾಗ ಅಮೆರಿಕದ ಆಟಗಾರನೊಬ್ಬ ತಂಡದ ಸಭೆಗೆ ತಡವಾಗಿ ಬಂದದ್ದಕ್ಕೋ ಗಾಂಜಾ ಸೇದಿದ್ದಕ್ಕೋ ‘ಶೀಲದ ಬಗ್ಗೆ ಶಂಕೆ’ ಎಂದು ಬರೆದರೆ, ಕನ್ನಡದ ಓದುಗ ಅವನು ಮಾಡದೇ ಇದ್ದುದನ್ನು ಊಹಿಸಿಕೊಳ್ಳುತ್ತಾನೆ. ಆ ಊಹೆಗೆ ಬರೆದವರೇ ಹೊಣೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದೆ. 1872ರ ಸಾಕ್ಷ್ಯ ಕಾಯ್ದೆ ‘ಕ್ಯಾರೆಕ್ಟರ್’ ಎಂಬ ಪದಕ್ಕೆ ಕೊಟ್ಟ ವಿವರಣೆಯಲ್ಲಿ ಜನರ ನಡುವೆ ಒಬ್ಬನಿಗಿರುವ ಹೆಸರು ಮತ್ತು ಅವನ ಸ್ವಭಾವ ಎಂಬ ಎರಡು ಅಂಶಗಳನ್ನು ಬೇರೆಬೇರೆಯಾಗಿ ಗುರುತಿಸಿತ್ತು. ಆರೋಪಿಯ ಹಿಂದಿನ ಕೆಟ್ಟ ನಡತೆ, ಅವನೇ ತನ್ನ ಒಳ್ಳೆಯ ನಡತೆಗೆ ಸಾಕ್ಷ್ಯ ತಂದ ಹೊರತು, ಕ್ರಿಮಿನಲ್ ಮೊಕದ್ದಮೆಯಲ್ಲಿ ಪ್ರಸ್ತುತವಲ್ಲವೆಂದೂ ಹೇಳಿತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಉಳಿದಿದೆ. ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮಗಳ 404ನೆಯ ನಿಯಮವೂ ಇದೇ ದಿಕ್ಕಿನದು: ಹಿಂದೆ ಹಾಗೆ ಮಾಡಿದ್ದನು, ಆದ್ದರಿಂದ ಈಗಲೂ ಹಾಗೆಯೇ ಮಾಡಿರಬೇಕು ಎಂಬ ವಾದಕ್ಕೆ ನ್ಯಾಯಾಲಯ ಬಾಗಿಲು ಮುಚ್ಚುತ್ತದೆ. ಡ್ರಾಫ್ಟ್‌ನ ಕೋಣೆಯಲ್ಲಿ ಕುಳಿತವರು ಮಾಡುವುದು ಸರಿಯಾಗಿ ಆ ವಾದವನ್ನೇ. ಕೋಟಿಗಟ್ಟಲೆ ಹಣ ಹೂಡುವ ಉದ್ಯೋಗದಾತರಿಗೆ ಅದರ ಹಕ್ಕಿದೆ, ಆದರೆ ಅವರ ಅಂದಾಜನ್ನು ತೀರ್ಪಿನ ಭಾಷೆಯಲ್ಲಿ ವರದಿ ಮಾಡುವ ಹಕ್ಕು ನಮಗಿಲ್ಲ.

ಈ ಒಂದೇ ಚೀಟಿಯನ್ನು ಎಷ್ಟು ಭಿನ್ನವಾದ ಸಂಗತಿಗಳಿಗೆ ಅಂಟಿಸುತ್ತಾರೆ ಎಂಬುದನ್ನು ನೋಡಬೇಕು. 2016ರ ಡ್ರಾಫ್ಟ್ ಆರಂಭವಾಗುವ ಕೆಲವೇ ನಿಮಿಷಗಳ ಮೊದಲು ಲರೆಮಿ ಟನ್ಸಿಲ್ ಅವರ ಸ್ವಂತ ಟ್ವಿಟರ್ ಖಾತೆಯಲ್ಲಿ, ಅವರು ಗ್ಯಾಸ್ ಮಾಸ್ಕ್ ತೊಟ್ಟು ಅದಕ್ಕೆ ಜೋಡಿಸಿದ ಕೊಳವೆಯಿಂದ ಸೇದುತ್ತಿರುವ ವಿಡಿಯೊ ಕಾಣಿಸಿಕೊಂಡಿತು. ಮೊದಲ ಕೆಲವರಲ್ಲೇ ಆಯ್ಕೆಯಾಗಬೇಕಿದ್ದ ಅವರು 13ನೆಯ ಸ್ಥಾನಕ್ಕೆ ಇಳಿದು ಮಯಾಮಿ ಡಾಲ್ಫಿನ್ಸ್ ಸೇರಿದರು. ಮರುವರ್ಷ ಅದೇ ‘ಕ್ಯಾರೆಕ್ಟರ್ ಕನ್ಸರ್ನ್’ ಪಟ್ಟಿಯಲ್ಲಿದ್ದ ಜೋ ಮಿಕ್ಸನ್, 2014ರಲ್ಲಿ ಒಬ್ಬ ವಿದ್ಯಾರ್ಥಿನಿಯ ಮುಖಕ್ಕೆ ಗುದ್ದಿ ಮೂಳೆ ಮುರಿದಿದ್ದರು. ಘಟನೆ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಡ್ರಾಫ್ಟ್‌ಗೆ ಮುನ್ನ ತಂಡಗಳ ಎದುರು ಆಟಗಾರರನ್ನು ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ‘ಕಂಬೈನ್’ ಶಿಬಿರಕ್ಕೆ ಅವರಿಗೆ ಆಹ್ವಾನ ಸಿಗಲಿಲ್ಲ, ಆದರೂ ಸಿನ್ಸಿನಾಟಿ ಬೆಂಗಾಲ್ಸ್ ತಂಡ 48ನೆಯ ಸರದಿಯಲ್ಲಿ ಅವರನ್ನು ಆರಿಸಿತು. ತನ್ನ ಶ್ವಾಸಕೋಶಕ್ಕೆ ಹೊಗೆ ಎಳೆದುಕೊಂಡದ್ದನ್ನೂ ಇನ್ನೊಬ್ಬರ ಮುಖದ ಮೂಳೆ ಮುರಿದದ್ದನ್ನೂ ಒಂದೇ ಹೆಸರಿನಿಂದ ಕರೆಯುವ ಪದದ ಬಗ್ಗೆ ನನಗಿರುವ ಮುಖ್ಯ ತಕರಾರು ಇದೇ. ಆ ಪದ ಒಬ್ಬರಿಗೆ ಸಲ್ಲದ ಕಳಂಕ ಹಚ್ಚುತ್ತದೆ. ಇನ್ನೊಂದು ಕಡೆ, ಪೆಟ್ಟು ತಿಂದ ಹೆಣ್ಣುಮಗಳನ್ನು ಕಣ್ಮರೆ ಮಾಡಿ ಹಿಂಸೆಯನ್ನು ಆಟಗಾರನ ವ್ಯಕ್ತಿತ್ವದ ಒಂದು ಕೊರತೆಯೆಂಬಂತೆ ತೋರಿಸುತ್ತದೆ.

ಜೇಲನ್ ಕಾರ್ಟರ್ ಅವರ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಜಾರ್ಜಿಯಾ ವಿಶ್ವವಿದ್ಯಾಲಯದ ತಂಡ ರಾಷ್ಟ್ರೀಯ ಚಾಂಪಿಯನ್ ಆದ ಸಂಭ್ರಮಾಚರಣೆ ಮುಗಿದು ಕೆಲವೇ ಗಂಟೆಗಳಲ್ಲಿ, 2023ರ ಜನವರಿ 15ರ ನಸುಕಿನಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ನಗರದಲ್ಲಿ ಕಾರೊಂದು ಅಪಘಾತಕ್ಕೀಡಾಗಿ ಅದರಲ್ಲಿದ್ದ ಒಬ್ಬ ಆಟಗಾರ ಮತ್ತು ಕಾರು ಚಲಾಯಿಸುತ್ತಿದ್ದ ತಂಡದ ಸಿಬ್ಬಂದಿಯೊಬ್ಬರು ಮೃತಪಟ್ಟರು. ಬೇರೊಂದು ವಾಹನದಲ್ಲಿದ್ದ ಕಾರ್ಟರ್ ಆ ಕಾರಿನೊಂದಿಗೆ ವೇಗದ ಪೈಪೋಟಿ ನಡೆಸಿದ್ದರೆಂದು ಪೊಲೀಸರು ಹೇಳಿದರು. ಮಾರ್ಚ್ 1ರಂದು, ಅವರು ಕಂಬೈನ್‌ನಲ್ಲಿದ್ದಾಗಲೇ, ವಾರಂಟ್ ಹೊರಬಿತ್ತು. ಅದರಲ್ಲಿದ್ದದ್ದು ಅಜಾಗರೂಕ ಚಾಲನೆ ಮತ್ತು ರಸ್ತೆಯಲ್ಲಿ ರೇಸಿಂಗ್ ಎಂಬ ಎರಡು ಲಘು ಅಪರಾಧಗಳ ಆರೋಪ. ಸಾವುಗಳಿಗೆ ಕಾರಣರಾದರೆಂಬ ಆರೋಪವನ್ನು ಅವರ ಮೇಲೆ ಹೊರಿಸಿರಲಿಲ್ಲ. ‘ಸಾವಿನ ಪ್ರಕರಣದ ಆರೋಪಿ’ ಎಂದು ಬರೆಯುವವರು ಈ ಅಂತರವನ್ನು ಅಳಿಸಿಹಾಕುತ್ತಾರೆ. ಮಾರ್ಚ್ 16ರಂದು ಅವರು ನ್ಯಾಯಾಲಯದಲ್ಲಿ ‘ನೋ ಕಾಂಟೆಸ್ಟ್’ ಎಂದರು. 12 ತಿಂಗಳ ಪ್ರೊಬೇಷನ್, 1,000 ಡಾಲರ್ ದಂಡ ಮತ್ತು 80 ಗಂಟೆಗಳ ಸಮುದಾಯ ಸೇವೆಯ ಆದೇಶವಾಯಿತು.

‘ನೋ ಕಾಂಟೆಸ್ಟ್’ ಅನ್ನು ‘ತಪ್ಪೊಪ್ಪಿಗೆ’ ಎಂದು ಅನುವಾದಿಸಬಾರದು. ಆರೋಪವನ್ನು ಪ್ರಶ್ನಿಸುವುದಿಲ್ಲ, ಶಿಕ್ಷೆಗೆ ಒಳಪಡುತ್ತೇನೆ, ಆದರೆ ತಪ್ಪು ಮಾಡಿದೆನೆಂದು ಒಪ್ಪಿಕೊಳ್ಳುತ್ತಿಲ್ಲ ಎಂಬುದು ಅದರ ತಾತ್ಪರ್ಯ. ಮುಂದೆ ಪರಿಹಾರ ಕೇಳಿ ಸಿವಿಲ್ ದಾವೆ ಬಂದಾಗ ಅದನ್ನು ಸಾಮಾನ್ಯವಾಗಿ ತಪ್ಪೊಪ್ಪಿಗೆಯೆಂದು ಎತ್ತಿ ತೋರಿಸಲಾಗದು. ನಮ್ಮ ನ್ಯಾಯಾಲಯಗಳಲ್ಲಿ ಇದಕ್ಕೆ ಸಮನಾದ ಹೇಳಿಕೆ ಇಲ್ಲದಿರುವುದರಿಂದ ಕನ್ನಡದಲ್ಲಿ ಸಿದ್ಧ ಪದವಿಲ್ಲ. ಅದಕ್ಕೆ ಒಂದು ವಾಕ್ಯವನ್ನೇ ಖರ್ಚು ಮಾಡುವುದು ಪ್ರಾಮಾಣಿಕವಾದ ದಾರಿ.

ಕಾರ್ಟರ್ ಅವರ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ನ್ಯಾಯಾಲಯದ ಆ ಹೇಳಿಕೆಗೆ ಒಂದು ದಿನ ಮೊದಲು ವಿಶ್ವವಿದ್ಯಾಲಯದಲ್ಲಿ ತಂಡಗಳ ಎದುರು ನಡೆದ ಅಭ್ಯಾಸ ಪ್ರದರ್ಶನದಲ್ಲಿ ಅವರ ತೂಕ ಕಂಬೈನ್‌ನಲ್ಲಿದ್ದುದಕ್ಕಿಂತ 9 ಪೌಂಡ್ ಹೆಚ್ಚಾಗಿತ್ತು, ಕಸರತ್ತುಗಳನ್ನು ಪೂರ್ತಿ ಮುಗಿಸಲೂ ಅವರಿಗೆ ಆಗಲಿಲ್ಲ. ವಿಶ್ಲೇಷಕರು ಇದನ್ನೂ ‘ಕ್ಯಾರೆಕ್ಟರ್’ ಎಂಬ ಖಾತೆಗೇ ಜಮಾ ಮಾಡಿದರು. ಇಬ್ಬರು ಸತ್ತ ರಾತ್ರಿಯ ವೇಗವೂ ಒಂದು ಮಧ್ಯಾಹ್ನದ ಏದುಸಿರೂ ಒಂದೇ ವಾಕ್ಯದಲ್ಲಿ, ಒಂದೇ ನಾಮಪದದ ಕೆಳಗೆ ಬಂದವು. ಫಿಲಡೆಲ್ಫಿಯಾ ಈಗಲ್ಸ್ ಅವರನ್ನು 9ನೆಯವರಾಗಿ ಆರಿಸಿ, ಅವರು ಆ ತಂಡದೊಂದಿಗೆ 2025ರ ಫೆಬ್ರವರಿಯಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಾಗ, ‘ಕ್ಯಾರೆಕ್ಟರ್ ಬಗೆಗಿನ ಸಂದೇಹ ಸುಳ್ಳಾಯಿತು’ ಎಂಬ ಮಾತೂ ಕೇಳಿಬಂತು. ಫುಟ್ಬಾಲ್ ಚೆನ್ನಾಗಿ ಆಡಿದ್ದರಿಂದ 2023ರ ಜನವರಿಯ ರಾತ್ರಿಯ ಬಗ್ಗೆ ಏನೂ ಸಾಬೀತಾಗುವುದಿಲ್ಲ. ತಂಡದ ಹೂಡಿಕೆ ಫಲಿಸಿತೆಂಬುದಷ್ಟೇ ಸಾಬೀತಾಗುತ್ತದೆ.

ಯಾವ ಆರೋಪವೂ ಇಲ್ಲದೆ ಬೆಲೆ ತೆತ್ತವರು ಲಯೆಲ್ ಕಾಲಿನ್ಸ್. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಈ ಆಟಗಾರ 2015ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾಗುತ್ತಾರೆಂಬುದು ಬಹುಮಂದಿಯ ಲೆಕ್ಕವಾಗಿತ್ತು. ಡ್ರಾಫ್ಟ್‌ಗೆ ಕೆಲವೇ ದಿನಗಳಿರುವಾಗ, ಅವರಿಗೆ ಹಿಂದೆ ಪರಿಚಯವಿದ್ದ ಗರ್ಭಿಣಿಯೊಬ್ಬರ ಕೊಲೆಯ ತನಿಖೆಯಲ್ಲಿ ಬ್ಯಾಟನ್ ರೂಜ್ ಪೊಲೀಸರು ಅವರೊಂದಿಗೆ ಮಾತನಾಡಬಯಸಿದರು. ಅವರು ಶಂಕಿತರಲ್ಲವೆಂದು ಪೊಲೀಸರೇ ಹೇಳಿದರು. ಆ ವರ್ಷ ತಂಡಗಳು ಆರಿಸಿದ 256 ಆಟಗಾರರಲ್ಲಿ ಅವರ ಹೆಸರಿರಲಿಲ್ಲ. ಡ್ರಾಫ್ಟ್ ಮುಗಿದ ಮೇಲೆ ಅವರು ಪೊಲೀಸರನ್ನು ಭೇಟಿಯಾದರು, ಡಲ್ಲಾಸ್ ಕೌಬಾಯ್ಸ್ ಜೊತೆ ಮೂರು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ಅವರ ಮೇಲೆ ಆರೋಪ ದಾಖಲಾಗಲೇ ಇಲ್ಲ. ಪೊಲೀಸರು ಮಾತನಾಡಿಸಬೇಕೆಂದವರು, ಶಂಕಿತರು, ಬಂಧಿತರು, ಆರೋಪಿ, ಅಪರಾಧಿ ಎಂಬ ಐದು ಹಂತಗಳಿಗೂ ಕನ್ನಡದಲ್ಲಿ ಸ್ಪಷ್ಟವಾದ ಮಾತುಗಳಿವೆ. ನಮ್ಮ ನ್ಯಾಯಾಲಯದ ವರದಿಗಾರರು ಅವುಗಳನ್ನು ದಿನವೂ ಬಳಸುತ್ತಾರೆ, ಕ್ರೀಡಾಪುಟಕ್ಕೆ ಬರುವಾಗ ಮಾತ್ರ ಅವು ಕಳೆದುಹೋಗುತ್ತವೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಅಷ್ಟೇ ಸಾಮಾನ್ಯ, ಅದಕ್ಕೆ ನಾವು ಇಟ್ಟುಕೊಂಡ ಹೆಸರು ‘ಕ್ಲೀನ್ ಚಿಟ್’. ಗೇರಿಯನ್ ಕಾನ್ಲಿ ಅವರ ಮೇಲೆ 2017ರ ಡ್ರಾಫ್ಟ್‌ಗೆ ಮುನ್ನ ಅತ್ಯಾಚಾರದ ದೂರು ಬಂತು. ಓಕ್‌ಲ್ಯಾಂಡ್ ರೇಡರ್ಸ್ ಅವರನ್ನು 24ನೆಯ ಸರದಿಯಲ್ಲಿ ಆರಿಸಿತು. ಸುಮಾರು ಮೂರು ತಿಂಗಳ ಬಳಿಕ ಗ್ರ್ಯಾಂಡ್ ಜ್ಯೂರಿ ದೋಷಾರೋಪಣೆಗೆ ಒಪ್ಪಲಿಲ್ಲ. ವಿಚಾರಣೆಗೆ ಒಪ್ಪಿಸುವಷ್ಟು ಆಧಾರವಿದೆಯೇ ಎಂಬುದನ್ನು ಮಾತ್ರ ನೋಡುವುದು ಗ್ರ್ಯಾಂಡ್ ಜ್ಯೂರಿಯ ಕೆಲಸ, ಆದ್ದರಿಂದ ‘ಖುಲಾಸೆ’ ಎಂಬ ಪದ ಅಲ್ಲಿ ಸಲ್ಲದು. ಖುಲಾಸೆಯಾಗಬೇಕಾದರೆ ವಿಚಾರಣೆ ನಡೆದಿರಬೇಕು. 2015ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಜೇಮಿಸ್ ವಿನ್‌ಸ್ಟನ್ ಅವರ ಮೇಲಿನ ಲೈಂಗಿಕ ದೌರ್ಜನ್ಯದ ದೂರಿನ ಪ್ರಕರಣದಲ್ಲಿ ಫ್ಲಾರಿಡಾದ ಪ್ರಾಸಿಕ್ಯೂಟರ್ 2013ರ ಡಿಸೆಂಬರ್‌ನಲ್ಲಿ ಆರೋಪ ಹೊರಿಸಲು ನಿರಾಕರಿಸಿದ್ದರು, ದೂರುದಾರರ ಸಿವಿಲ್ ದಾವೆ 2016ರಲ್ಲಿ ರಾಜಿಯಲ್ಲಿ ಮುಗಿಯಿತು. ಆರೋಪ ದಾಖಲಾಗಲಿಲ್ಲ ಎಂಬುದು ಒಂದು ಸಂಗತಿ, ಘಟನೆ ನಡೆಯಲೇ ಇಲ್ಲ ಎಂಬುದು ಇನ್ನೊಂದು ಸಂಗತಿ. ಮೊದಲನೆಯದನ್ನು ನಾವು ಬಲ್ಲೆವು, ಅಷ್ಟನ್ನೇ ಬರೆಯಬೇಕು. ಲೀಗಿಗೆ ಈ ಹಂತಗಳ ಹಂಗೂ ಇಲ್ಲ: 2017ರಲ್ಲಿ, ಮಾಜಿ ಗೆಳತಿಯ ಮೇಲೆ ಹಲ್ಲೆ ನಡೆಸಿದರೆಂಬ ದೂರಿದ್ದ ಡಲ್ಲಾಸ್ ಕೌಬಾಯ್ಸ್ ಆಟಗಾರ ಎಜೀಕಿಯಲ್ ಎಲಿಯಟ್ ಅವರನ್ನು ಯಾವ ಪ್ರಾಸಿಕ್ಯೂಟರೂ ಆರೋಪ ಹೊರಿಸದಿದ್ದರೂ ಎನ್‌ಎಫ್‌ಎಲ್ ತನ್ನ ವೈಯಕ್ತಿಕ ನಡವಳಿಕೆಯ ನೀತಿಯಡಿ 6 ಪಂದ್ಯಗಳಿಗೆ ಅಮಾನತುಗೊಳಿಸಿತ್ತು.

ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕು? ತಂಡಗಳ ಅಳುಕನ್ನೇ ಹೇಳುವಾಗ ‘ನಡವಳಿಕೆಯ ಕುರಿತು ತಂಡಗಳಿಗಿರುವ ಆತಂಕ’ ಎನ್ನಬಹುದು. ಆತಂಕ ಯಾರದ್ದೆಂದು ಆ ಮಾತಿನಲ್ಲೇ ಕಾಣುತ್ತದೆ. ಕಾನೂನಿನ ತೊಡಕು ಇದ್ದರೆ ಅದರ ಹಂತವನ್ನೂ ದಿನಾಂಕವನ್ನೂ ಹೇಳಬೇಕು, ಏಕೆಂದರೆ ಈ ಪ್ರಕರಣಗಳು ನಿಂತಲ್ಲಿ ನಿಲ್ಲುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಬಫಲೋ ಬಿಲ್ಸ್ ಆರಿಸಿಕೊಂಡ ಮ್ಯಾಟ್ ಅರೈಜಾ ಅವರ ಮೇಲೆ ಆಗಸ್ಟ್‌ನಲ್ಲಿ ಸಾಮೂಹಿಕ ಅತ್ಯಾಚಾರದ ಆರೋಪವಿದ್ದ ಸಿವಿಲ್ ದಾವೆ ಹೂಡಲಾಯಿತು, ಎರಡೇ ದಿನಗಳಲ್ಲಿ ತಂಡ ಅವರನ್ನು ಕೈಬಿಟ್ಟಿತು. ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೊದ ಪ್ರಾಸಿಕ್ಯೂಟರ್ ಕ್ರಿಮಿನಲ್ ಆರೋಪ ಹೊರಿಸಲು ನಿರಾಕರಿಸಿದರು. 2023ರ ಡಿಸೆಂಬರ್‌ನಲ್ಲಿ ದೂರುದಾರರು ಅವರನ್ನು ದಾವೆಯಿಂದ ಕೈಬಿಟ್ಟರು. 2024ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. 2022ರ ಆಗಸ್ಟ್‌ನಲ್ಲಿ ಅವರ ಹೆಸರಿನ ಜೊತೆ ಬರೆದ ವಿಶೇಷಣವನ್ನು ದಿನಾಂಕವಿಲ್ಲದೆ ಇಂದು ಮತ್ತೆ ಬರೆಯುವವರು ಈ ನಡುವಿನ ಮೂರು ವಾಕ್ಯಗಳನ್ನು ಓದುಗರಿಂದ ಮುಚ್ಚಿಡುತ್ತಿದ್ದಾರೆ.