ಚೋರಟೆಗೆ ಹೆಸರಿಡೋದು ಯಾಕೆ ಇಷ್ಟು ತಡ?

ಪಶ್ಚಿಮಘಟ್ಟದಲ್ಲಿ ಹೊಸ ಜಾತಿಯ ಸಹಸ್ರಪದಿ, ಅಂದ್ರೆ ಚೋರಟೆ, ಸಿಕ್ಕಿತು ಅಂತ ನ್ಯೂಸ್ ಬಂದಾಗೆಲ್ಲ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವ್ರು ಹೇಳೋದು ಒಂದೇ, ಇದು ನಮ್ಮ ಬಚ್ಚಲಲ್ಲೇ ಉಂಟಲ್ಲ ಮಾರಾಯ್ರೆ, ಇದ್ರಲ್ಲಿ ಹೊಸತೆಂತದು? ಮಾತು ಅರ್ಧ ಸರಿಯೇ. ಮಳೆ ಹಿಡೀತು ಅಂದ್ರೆ ಜಗಲಿ, ಹಟ್ಟಿ, ಅಡಿಕೆ ತೋಟದ ಸೋಗೆ ರಾಶಿ ಎಲ್ಲಿ ನೋಡಿದ್ರೂ ಚೋರಟೆ, ಹಿಡಿಸೂಡಿಯಲ್ಲಿ ಗುಡಿಸಿ ಬಿಸಾಡೋದೇ ಕೆಲಸ. ಹುಡುಕೋದು ಕಷ್ಟವೇ ಅಲ್ಲ. ಹಿಂದೆ ಯಾರೂ ಇದಕ್ಕೆ ಹೆಸರು ಕೊಟ್ಟಿಲ್ಲ ಅಂತ ಸಾಧಿಸಿ ತೋರಿಸೋದುಂಟಲ್ಲ, ಅದಕ್ಕೇ ವರ್ಷಗಟ್ಟಲೆ ಹಿಡಿಯೋದು.

ಯಾಕೆ ಅಂತ ತಿಳೀಬೇಕಾದ್ರೆ 1758ಕ್ಕೆ ಹೋಗ್ಬೇಕು. ಜೀವಿಗಳಿಗೆ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಆ ವರ್ಷದ ತನ್ನ ಪಟ್ಟಿಯಲ್ಲಿ ಚೋರಟೆಗಳನ್ನೂ ಕೀಟಗಳ ಜೊತೆಗೇ ಸೇರಿಸಿ ಯೂಲಸ್ ಅಂತ ಹೆಸರಿಟ್ಟ. ಅವನ ಶಿಷ್ಯ ಫಾಬ್ರೀಷಿಯಸ್ 1775ರಲ್ಲಿ ಹೆಸರಿಟ್ಟ ಒಂದು ಜಾತಿ ಈಗ ಝೆನೊಬೋಲಸ್ ಕಾರ್ನಿಫೆಕ್ಸ್, ತಮಿಳುನಾಡಿನಲ್ಲಿ ಹುಲ್ಲು ಮಾಡಿನ ಮನೆಗಳಿಗೆ ಹತ್ತಿ ಜನರಿಗೆ ಕಾಟ ಕೊಡೋದು ಅದೇ. ಆ ಕಾಲದ ವರ್ಣನೆ ಅಂದ್ರೆ ಲ್ಯಾಟಿನ್‌ನಲ್ಲಿ ಎರಡು ಮೂರು ಸಾಲು, ಬಣ್ಣ ಇಂಥದ್ದು, ಕಾಲು ಇಷ್ಟು, ಮುಗೀತು. ಆದ್ರೆ ಸ್ಪಿರಿಟ್‌ನಲ್ಲಿ ಹಾಕಿಟ್ರೆ ಬಣ್ಣ ಹೋಗ್ತದೆ, ಕಾಲಿನ ಲೆಕ್ಕವೂ ನಂಬುವ ಹಾಗಿಲ್ಲ, ಯಾಕಂದ್ರೆ ಮರಿ ಮೊಟ್ಟೆಯಿಂದ ಬರುವಾಗ ಕೆಲವೇ ಕಾಲಿರ್ತದೆ, ಆಮೇಲೆ ಪೊರೆ ಬಿಟ್ಟ ಹಾಗೆ ಮೈಯ ಉಂಗುರ, ಕಾಲು ಎರಡೂ ಜಾಸ್ತಿ ಆಗ್ತಾ ಹೋಗೋದು.

ಮತ್ತೆ ಜಾತಿ ಹೇಳೋದು ಯಾವುದರಿಂದ? ಗಂಡಿನ ಏಳನೇ ಉಂಗುರದಿಂದ. ಹೆಚ್ಚಿನ ಚೋರಟೆಗಳಲ್ಲಿ ಅಲ್ಲಿಯ ಕಾಲು ನಡೆಯೋದಕ್ಕಲ್ಲ, ಹೆಣ್ಣಿಗೆ ವೀರ್ಯ ದಾಟಿಸೋದಕ್ಕೆ ರೂಪ ಬದಲಿಸಿಕೊಂಡಿರ್ತದೆ, ಅದನ್ನ ಗೊನೊಪಾಡ್ ಅಂತಾರೆ. ಅದರ ಕೊಕ್ಕೆ, ಮುಳ್ಳು, ತಿರುವು ಒಂದೊಂದು ಜಾತಿಗೆ ಒಂದೊಂದು ನಮೂನೆ, ಬೀಗಕ್ಕೆ ತಕ್ಕ ಬೀಗದಕೈ ಇದ್ದ ಹಾಗೆ. ಹೊರಗಿಂದ ಎರಡು ಚೋರಟೆ ಒಂದೇ ತರ ಕಂಡ್ರೂ ಗೊನೊಪಾಡ್ ಬಿಡಿಸಿ ಮೈಕ್ರೋಸ್ಕೋಪ್ ಅಡಿಯಲ್ಲಿ ಇಟ್ರೆ ಬೇರೆ ಬೇರೆ ಜಾತಿ ಅಂತ ಗೊತ್ತಾಗ್ತದೆ. ಮುಟ್ಟಿದ್ರೆ ಉಂಡೆ ಆಗ್ತದಲ್ಲ ದೊಡ್ಡದು, ಆರ್ಥ್ರೋಸ್ಫೇರಾ, ಅದಕ್ಕೆ ಮಾತ್ರ ಈ ಅಂಗ ಮೈಯ ಹಿಂತುದಿಯಲ್ಲಿ. ಹೆಣ್ಣು ಅಥವಾ ಮರಿ ಮಾತ್ರ ಸಿಕ್ಕಿದ್ರೆ ಸಾಮಾನ್ಯವಾಗಿ ಕೆಲಸ ಅಲ್ಲಿಗೇ ನಿಲ್ತದೆ, ಮುಂದಿನ ಮಳೆಗಾಲಕ್ಕೆ ಕಾಯ್ಬೇಕು.

ಹಾಗಾಗಿ ಹಳೇ ವರ್ಣನೆ ಓದಿದ್ರೆ ಸಾಲದು, ಹೆಸರಿಟ್ಟಾಗ ಯಾವ ಹುಳವನ್ನ ಮುಂದಿಟ್ಟುಕೊಂಡಿದ್ರೋ ಅದೇ ಹುಳ, ಅಂದ್ರೆ ಟೈಪ್ ಸ್ಪೆಸಿಮನ್, ನೋಡ್ಬೇಕಾಗ್ತದೆ. ಅದು ಎಲ್ಲುಂಟು? 1890ರ ದಶಕದಲ್ಲಿ ಭಾರತದ, ಸಿಲೋನಿನ ಚೋರಟೆಗಳಿಗೆ ಹೆಸರಿಟ್ಟ ಪೊಕಾಕ್ ಕೂತದ್ದು ಲಂಡನ್ ಮ್ಯೂಸಿಯಮ್ಮಿನಲ್ಲಿ (ಮುಂದೆ ಹುಲಿ ಚಿರತೆಗಳ ವರ್ಗೀಕರಣ ಮಾಡಿದ್ದೂ ಇದೇ ಆಸಾಮಿ, ಹುಳದಿಂದ ಹುಲಿಗೆ ಪ್ರಮೋಷನ್). ಜಿನೀವಾದ ಕಾರ್ಲ್ ದಕ್ಷಿಣ ಭಾರತದ ಚೋರಟೆಗಳ ಬಗ್ಗೆ 1932ರಲ್ಲಿ, 1941ರಲ್ಲಿ ಬರೆದದ್ದು ಜರ್ಮನ್ ಭಾಷೆಯಲ್ಲಿ. ವಿಯೆನ್ನಾದ ಆಟೆಮ್ಸ್ 1936ರಲ್ಲಿ ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂ ಪ್ರಕಟಣೆಯಲ್ಲಿ ಭಾರತದ ಚೋರಟೆಗಳ ದೊಡ್ಡ ಪುಸ್ತಕವನ್ನೇ ತಂದ. ಈಗ ಕಾಸರಗೋಡಿನ ಒಂದು ಹುಡುಗಿ ಎಂಎಸ್ಸಿ ಮುಗಿಸಿ ರಾಣಿಪುರಂ ಗುಡ್ಡೆಯಿಂದ ಒಂದು ಚೋರಟೆ ತಂದಳು ಅಂತ ಇಟ್ಕೊಳ್ಳಿ, ಕನ್ನಡ ಮಲಯಾಳ ತುಳು ಇಂಗ್ಲಿಷ್ ನಾಲ್ಕೂ ಬಂದ್ರೂ ಅವಳಿಗೆ ಜರ್ಮನ್ ಪುಟ ತಿರುವದೆ ನಿರ್ವಾಹ ಇಲ್ಲ, ಯುರೋಪಿನ ಮ್ಯೂಸಿಯಂಗಳಿಗೆ ಫೋಟೋ ಕಳ್ಸಿ ಅಂತ ಮೇಲ್ ಹಾಕದೆ ಗತಿ ಇಲ್ಲ.

ಅಷ್ಟೆಲ್ಲ ಮಾಡಿದ್ಮೇಲೆ ಅದು ಹಳತೇ ಅಂತ ಆದ್ರೂ ಆಗ್ಬಹುದು. ನಮ್ಮ ಅಂಗಳದಲ್ಲಿ ಕಾಣೋ ತುಕ್ಕುಗೆಂಪು ಬಣ್ಣದ ಟ್ರಿಗೋನಿಯುಲಸ್ ಕೊರಾಲಿನಸ್ ಆಗ್ನೇಯ ಏಷ್ಯಾ ಮೂಲದ್ದು, ಗಿಡ ಮಣ್ಣಿನ ಜೊತೆ ಬಿಸಿ ದೇಶಗಳಿಗೆಲ್ಲ ಹೋಗಿ ಸೇರಿತು, 1847ರಲ್ಲೇ ಹೆಸರಿದ್ರೂ ಬೇರೆಯವ್ರು ಹೊಸತು ಅಂತ ತಿಳಿದು ಮತ್ತೆ ಮತ್ತೆ ನಾಮಕರಣ ಮಾಡಿದ್ರು.

ಈಗಿನ ಪದ್ಧತಿ ಹೀಗೆ. ಗಂಡು ಹುಳ ಒಂದನ್ನ ಹೋಲೊಟೈಪ್, ಅಂದ್ರೆ ಆ ಹೆಸರಿಗೆ ಆಧಾರದ ಮಾದರಿ, ಅಂತ ಇಡ್ತಾರೆ, ಗೊನೊಪಾಡ್‌ನ ಚಿತ್ರ ಬಿಡಿಸ್ತಾರೆ, ಸಾಧ್ಯ ಆದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಫೋಟೋ, ಒಂದು ಕಾಲಿನಿಂದ ಡಿಎನ್ಎ. ಆನ್‌ಲೈನ್ ಜರ್ನಲ್‌ನಲ್ಲಿ ಹೆಸರಿಟ್ರೂ 2012ರಿಂದ ನಡೀತದೆ, ಪ್ರಾಣಿಗಳ ಹೆಸರು ದಾಖಲಿಸೋ ಆನ್‌ಲೈನ್ ಪಟ್ಟಿ ಝೂಬ್ಯಾಂಕ್‌ನಲ್ಲಿ ರಿಜಿಸ್ಟರ್ ಆಗಿರ್ಬೇಕು ಅಷ್ಟೆ. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಜಾತಿ ಕಂಡುಹಿಡಿದವ್ರು ಸರಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ ಅಲ್ಲೇ ಮಾದರಿ ಇಡ್ಬೇಕು. ಹಿಂದಿನ ಹಾಗೆ ಡಬ್ಬಿ ಹಡಗು ಹತ್ತೋದಿಲ್ಲ, ಒಳ್ಳೇದೇ ಆಯ್ತು.

2016ರ ಪಟ್ಟಿಯೊಂದರಲ್ಲಿ ಇಡೀ ಭಾರತದಿಂದ ಸುಮಾರು 270 ಜಾತಿ, ಪ್ರಪಂಚದಲ್ಲಿ ಹೆಸರಿಟ್ಟದ್ದು ಸುಮಾರು 12,000. ನನ್ನ ಕಣ್ಣಿಗೆ ಇಷ್ಟು ದೊಡ್ಡ ದೇಶಕ್ಕೆ ಅದು ಏನೇನೂ ಸಾಲದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿ ಹುಡುಕೋದಕ್ಕೆ ಕೊರೆದ ತೂತಿನಲ್ಲಿ 60 ಮೀಟರ್ ಆಳದಿಂದ ಬಂದ ಯೂಮಿಲಿಪಿಸ್ ಪರ್ಸೆಫೋನಿಗೆ 1,306 ಕಾಲು, 2021ರಲ್ಲಿ ವರ್ಣನೆ ಆಯ್ತು, ಸಾವಿರ ದಾಟಿದ್ದು ಅದೇ ಮೊದಲು. ನಮ್ಮಲ್ಲಿ ನೀರಿಗಾಗಿ ಮುರಕಲ್ಲಿನ ಗುಡ್ಡೆ ಕೊರೆದ ಸುರಂಗಗಳು ಎಷ್ಟಿಲ್ಲ, ಯಾರಾದ್ರೂ ಟಾರ್ಚ್ ಹಿಡ್ಕೊಂಡು ಹುಳದ ಮೇಲೆ ಕಣ್ಣಿಟ್ಟು ಒಳಗೆ ಹೋಗ್ಬೇಕು ಅಂತ ನನಗಂತೂ ಆಸೆ.

ಹೆಸರಿಟ್ಟು ಏನು ಪ್ರಯೋಜನ ಅಂತ ಕೇಳುವವ್ರಿಗೆ: ಆಟೆಮ್ಸ್ 1936ರಲ್ಲಿ ಹೆಸರಿಟ್ಟ ಆರ್ಥ್ರೋಸ್ಫೇರಾ ಮ್ಯಾಗ್ನಾ ತೋಟದ ಕಸ ತಿಂದು ಗೊಬ್ಬರ ಮಾಡೋದನ್ನ ಮಂಗಳೂರು ಯುನಿವರ್ಸಿಟಿಯವ್ರು ಸ್ಟಡಿ ಮಾಡಿ 2006ರಲ್ಲಿ ಪ್ರಕಟಿಸಿದ್ರು. ಎಣ್ಮಕಜೆಯಂಥ ಊರುಗಳ ಗೇರುಗುಡ್ಡೆ ಮೇಲೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ್ರಲ್ಲ, ಅದಕ್ಕೂ ಮೊದಲು ಆ ತರಗೆಲೆ ಅಡಿ ಎಂತೆಂತ ಇತ್ತು ಅಂತ ಪಟ್ಟಿ ಇದ್ರೆ ತಾನೇ ಹೋದದ್ದು ಯಾವುದು ಅಂತ ಹೇಳ್ಲಿಕ್ಕೆ ಆಗೋದು.

ನೀವು ಫೋಟೋ ತೆಗೆಯೋದಾದ್ರೆ ಬೆನ್ನಿನದ್ದು ಒಂದೇ ಸಾಲದು, ಪಕ್ಕದಿಂದ ತೆಗೀರಿ. ತಲೆಯ ಹಿಂದಿನ ಮೊದಲ ಉಂಗುರಕ್ಕೆ ಕಾಲಿಲ್ಲ, ಆಮೇಲಿನ ಮೂರಕ್ಕೆ ಒಂದೊಂದು ಜೊತೆ, ಅಲ್ಲಿಂದ ಮುಂದೆ ಎರಡೆರಡು. ಏಳನೆಯದರ ಅಡಿಯಲ್ಲಿ ಕಾಲಿನ ಸಾಲು ತುಂಡಾಗಿ ಜಾಗ ಖಾಲಿ ಕಂಡ್ರೆ ಅದು ಗಂಡು. ಊರು, ತಾರೀಕು ಬರೆದಿಡಿ. ಚೋರಟೆ ಬಿಡೋ ರಸದ ಹಳದಿ ಕಲೆ ಕೈಗೆ ಅಂಟಿದ್ರೆ ಕೂಡಲೇ ಸೋಪ್ ಹಾಕಿ ತೊಳೀರಿ, ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ, ಉರೀತದೆ.