ಎರಡು ಸಾಲಿನ ಭಾಗಾಕಾರ ಮತ್ತು ಮಗುವಿನ ಕಣ್ಣು

ರಕ್ತಕಣಗಳ ಲೆಕ್ಕ ಕೊಡುವ ಸಿಬಿಸಿ ರಿಪೋರ್ಟ್ ಕೈಗೆ ಬಂದರೆ ನಾವು ಮೊದಲು ಹುಡುಕುವುದು ಹಿಮೋಗ್ಲೋಬಿನ್. ಆಮೇಲೆ ಪ್ಲೇಟ್‌ಲೆಟ್. ನ್ಯೂಟ್ರೋಫಿಲ್, ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳ ಸಾಲುಗಳನ್ನು ಯಾರೂ ಸರಿಯಾಗಿ ಓದುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಮಕ್ಕಳ ಕಣ್ಣಿನ ಸುಳಿವು ಈ ಸಾಲುಗಳಲ್ಲಿ ಸಿಗಬಹುದೇ ಎಂದು ಸಂಶೋಧಕರು ಈಗ ನೋಡುತ್ತಿದ್ದಾರೆ.

ರಕ್ತದ ಲೆಕ್ಕಕ್ಕೂ ಕಣ್ಣಿಗೂ ಏನು ನಂಟು? ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಕೂದಲಿಗಿಂತ ಎಷ್ಟೋ ಸಣ್ಣ ರಕ್ತನಾಳಗಳ ಬಲೆ ಹೊತ್ತಿರುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಆ ನಾಳಕ್ಕಿಂತ ದಪ್ಪ. ಮೈ ಕುಗ್ಗಿಸಿ, ಉದ್ದವಾಗಿ ನುಸುಳಬೇಕು. ನುಸುಳುತ್ತದೆ ಕೂಡ. ಆದರೆ ಸಕ್ಕರೆ ಜಾಸ್ತಿಯೇ ಇದ್ದರೆ ನಾಳದ ಒಳಗೋಡೆ ಕೆರಳುತ್ತದೆ. ಗೋಡೆಯ ಮೇಲೆ ಐಕ್ಯಾಮ್-1 ಎಂಬ ಅಂಟು ಪ್ರೋಟೀನು ಹೆಚ್ಚುತ್ತದೆ. ಹಾದುಹೋಗುವ ಬಿಳಿ ಕಣ ಅಲ್ಲೇ ಸಿಕ್ಕಿಕೊಂಡು ದಾರಿ ಮುಚ್ಚುತ್ತದೆ, ಗೋಡೆಯನ್ನೂ ಕೆಡಿಸುತ್ತದೆ. ಪ್ರಯೋಗದ ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಇತ್ತ ನಾಳವನ್ನು ಹೊರಗಿನಿಂದ ತಬ್ಬಿಕೊಂಡಿರುವ ಪೆರಿಸೈಟ್ ಕೋಶಗಳೂ ಸಾಯತೊಡಗುತ್ತವೆ. ಆಸರೆ ತಪ್ಪಿದ ಕಡೆ ನಾಳ ಗುಳ್ಳೆಯಂತೆ ಉಬ್ಬುತ್ತದೆ. ಕಣ್ಣಿನ ಡಾಕ್ಟರಿಗೆ ಕಾಣುವ ಮೊದಲ ಕೆಂಪು ಚುಕ್ಕಿ ಇದೇ. ಇಷ್ಟಾದರೂ ಮಗುವಿಗೆ ಕೊನೆಯ ಬೆಂಚಿನಿಂದ ಬೋರ್ಡು ಚೆನ್ನಾಗಿಯೇ ಕಾಣುತ್ತಿರುತ್ತದೆ!

ಇನ್ನು ಆ ಭಾಗಾಕಾರ. ನ್ಯೂಟ್ರೋಫಿಲ್ 60, ಲಿಂಫೋಸೈಟ್ 30 ಇದ್ದರೆ ಅನುಪಾತ 2. ಇದಕ್ಕೆ ಎನ್‌ಎಲ್‌ಆರ್ ಎನ್ನುತ್ತಾರೆ. ಮೈಯಲ್ಲಿ ಉರಿಯೂತ ಹೆಚ್ಚಿದರೆ ಇದು ಏರುತ್ತದೆ. ಸಕ್ಕರೆಯಿಂದ ಕಣ್ಣು ಕೆಟ್ಟ ದೊಡ್ಡವರಲ್ಲಿ ಇದು ಜಾಸ್ತಿ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಬೇರೆ ಪರೀಕ್ಷೆ ಬೇಡ, ಪೆನ್ನು ಸಾಕು. ಆಸೆ ಹುಟ್ಟುತ್ತದೆ, ಅಲ್ವಾ?

ನನ್ನ ಅನುಮಾನ ಶುರುವಾಗುವುದೂ ಇಲ್ಲೇ. ಒಂದು ಗಂಟಲು ನೋವು ಬಂದರೂ ಈ ಅಂಕಿ ಜಿಗಿಯಬಹುದು. ಸ್ಟೀರಾಯ್ಡ್ ಮಾತ್ರೆ ನುಂಗಿದರೂ ಅಷ್ಟೇ. ಉರಿಯೂತ ಅಳೆಯುವ ಇನ್ನೊಂದು ರಕ್ತಪರೀಕ್ಷೆ ಸಿಆರ್‌ಪಿ; ಸೋಂಕು ಬಂದರೆ ಅದೂ ಏರುತ್ತದೆ. ಮಕ್ಕಳಲ್ಲಂತೂ ಇನ್ನೊಂದು ತೊಡಕಿದೆ: ಸುಮಾರು ನಾಲ್ಕೈದು ವರ್ಷದವರೆಗೆ ಲಿಂಫೋಸೈಟ್‌ಗಳೇ ಹೆಚ್ಚು, ಆಮೇಲೆ ನ್ಯೂಟ್ರೋಫಿಲ್ ಮುಂದಾಗುತ್ತದೆ. ಹಾಗಾಗಿ ದೊಡ್ಡವರ ಅಳತೆಗೋಲು ಮೂರು ವರ್ಷದ ಮಗುವಿಗೆ ಹೊಂದುವುದಿಲ್ಲ. ಉರಿ ಇದೆ ಎಂದು ಈ ಅಂಕಿ ಹೇಳಬಲ್ಲದು. ಎಲ್ಲಿ ಎಂದು ಹೇಳಲಾರದು.

ಅದನ್ನು ಹೇಳಲು ಕಣ್ಣನ್ನೇ ನೋಡಬೇಕು. ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ 11 ವರ್ಷ ತುಂಬಿದ ಮೇಲೆ ಅಥವಾ ಹರೆಯ ಶುರುವಾದ ಮೇಲೆ, ಕಾಯಿಲೆ ಬಂದು 3ರಿಂದ 5 ವರ್ಷ ಆಗಿದ್ದರೆ ಮೊದಲ ರೆಟಿನಾ ತಪಾಸಣೆ ಎಂಬುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಸಲಹೆ. ಟೈಪ್ 2 ಆದರೆ ಕಾಯಿಲೆ ಗೊತ್ತಾದಾಗಲೇ. ಬಣ್ಣದ ಮದ್ದು ಚುಚ್ಚದೆ ನಾಳಗಳ ಬಲೆ ತೋರಿಸುವ ಸ್ಕ್ಯಾನ್‌ಗಳೂ ಬಂದಿವೆ. ಕೆಂಪು ಚುಕ್ಕಿ ಮೂಡುವ ಮುಂಚೆಯೇ ಕೆಲವು ಮಕ್ಕಳಲ್ಲಿ ಬಲೆ ವಿರಳವಾಗಿರುವುದು ಅದರಲ್ಲಿ ಕಂಡಿದೆ.

ತಡೆಯುವ ದಾರಿ ಮಾತ್ರ ಹಳೆಯದೇ. ಟೈಪ್ 1 ಇರುವವರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನದಲ್ಲಿ ಹದಿಹರೆಯದವರೂ ಇದ್ದರು. ಕಣ್ಣು ಇನ್ನೂ ಕೆಡದವರಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟಾಗ ಕಣ್ಣು ಕೆಡುವ ಅಪಾಯ 76% ಇಳಿಯಿತು.

ತಪಾಸಣೆ ಎಂದರೆ ಪಾಪೆ ಅಗಲಿಸುವ ಹನಿ. ಸ್ವಲ್ಪ ಉರಿ, ಕೆಲವು ಗಂಟೆ ಹತ್ತಿರದ ಅಕ್ಷರವೆಲ್ಲ ಮಸುಕು. ಅವತ್ತು ಹೋಮ್‌ವರ್ಕ್ ಇಲ್ಲ ಅಂತ ಹೇಳಿ ನೋಡಿ, ನಿಮಗಿಂತ ಮುಂಚೆ ಮಗುವೇ ಚಪ್ಪಲಿ ಹಾಕಿಕೊಂಡು ನಿಂತಿರುತ್ತದೆ.